ಆ ಮಧ್ಯಾಹ್ನ ಪರದೆ ಇಳಿಸಬೇಡಿ

ಇಳಕಲ್ ಕುಳಿಮನೆ,
ಎರಡನೇ ಬೇಸಿಗೆಯ ಮೂರನೇ ಸೋಮವಾರ, 2168

ಪ್ರೀತಿಯ ಮುನಿರತ್ನಮ್ಮಜ್ಜಿಗೆ, ನಿಮ್ಮಿಂದ ಆರನೇ ತಲೆಮಾರಿನ ರುದ್ರಾಣಿಯ ನಮಸ್ಕಾರಗಳು.

ಈಗಷ್ಟೇ ಮೂವತ್ತು ದಾಟಿದ ನಿಮ್ಮನ್ನು ಅಜ್ಜಿ ಎಂದೆನೆಂದು ಬೈಯಬೇಡಿ. ನನಗೆ ಐವತ್ತಾಗಿದೆ, ಎದುರು ಸಿಕ್ಕರೆ ನೀವೇ ನನ್ನನ್ನು ಅಕ್ಕ ಎನ್ನುತ್ತಿದ್ದಿರಿ. ನನ್ನ ಮಾತೂ ನಿಮಗೆ ವಿಚಿತ್ರ ಅನ್ನಿಸೀತು. ಕೋಳಿಯ ಹಿಂದೆ ಊರೂರು ಅಲೆದ ಮನೆತನ ನಮ್ಮದು, ಒಂದೊಂದು ಊರಿನ ಮಾತು ಒಂದಿಷ್ಟು ಅಂಟಿಕೊಂಡಿದೆ. ಕ್ಷಮಿಸಿ.

ಕುಳಿಮನೆ ಎಂದರೆ ಹಳೆಯ ಕಲ್ಲುಗಣಿಯೊಳಗೆ ಕಟ್ಟಿದ ಕೋಳಿ ಶೆಡ್ಡು. ನಿಮ್ಮ ಕಾಲದಲ್ಲಿ ಶೆಡ್ಡುಗಳು ತಿನ್ನುವವರ ಹತ್ತಿರ, ಬೆಂಗಳೂರಿನ ಮಗ್ಗುಲಲ್ಲೇ ಇದ್ದವಂತೆ. ಸುತ್ತ ಸೈಟುಗಳಾಗಿ ಮನೆಗಳೆದ್ದು ನೊಣ, ವಾಸನೆ ಎಂಬ ತಕರಾರು ಶುರುವಾದಾಗ, ಮೇವಿನ ಮೆಕ್ಕೆಜೋಳ ಬೆಳೆಯುವ ರಾಣೆಬೆನ್ನೂರಿನ ಕಡೆ ಹೊರಟವು. ಬಿಸಿಲು ತಡೆಯಲಾರದಷ್ಟು ಏರಿದ ಮೇಲೆ ತಂಪು ಹುಡುಕುತ್ತ ಈ ಕುಳಿಗಳಿಗೆ ಇಳಿದವು. ಮೇಲಿನಿಂದ ಹಗ್ಗದ ತೊಟ್ಟಿಲಲ್ಲಿ ಮೇವು ಬರುತ್ತದೆ, ಅದೇ ತೊಟ್ಟಿಲಲ್ಲಿ ಗೊಬ್ಬರ ಹೋಗುತ್ತದೆ. ಹಗಲು ಹೊರಗೆ ಕಾಲಿಡುವಂತಿಲ್ಲ. ಅಡುಗೆ, ಊಟ, ಜಗಳ ಎಲ್ಲವೂ ಕೆಳಗೇ. ಮರಿಗಳ ಚಿಂವ್‌ಚಿಂವ್ ಕೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಈ ಪತ್ರ ಕೈಸೇರುವ ಹೊತ್ತಿಗೆ ನೀವು ಹೊಸಕೋಟೆಯ ಶೆಡ್ಡು ಬಿಚ್ಚಿ ತಗಡನ್ನು ಲಾರಿಗೆ ಏರಿಸುತ್ತಿದ್ದೀರಿ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೀರಿ ಎಂಬುದೂ ನಮ್ಮ ಮನೆಯಲ್ಲಿ ಹೇಳುತ್ತ ಬಂದ ಕತೆಯಿಂದ ಗೊತ್ತು. ಹೆದರದೆ ರಾಣೆಬೆನ್ನೂರಿಗೆ ಹೋಗಿ.

ಆದರೆ ಅಲ್ಲಿ ಒಂದು ತಪ್ಪು ಮಾಡುತ್ತೀರಿ. ಮರಿ ಬಂದ ದಿನ ಶೀತವಾಗದಿರಲೆಂದು ಸುತ್ತ ಗೋಣಿಯ ಪರದೆ ಇಳಿಸುವುದು ನಿಮ್ಮ ಕಡೆಯ ರೂಢಿ. ಅಲ್ಲಿನ ಏಪ್ರಿಲ್ ಬಿಸಿಲಲ್ಲೂ ಹಾಗೇ ಇಳಿಸಿ ಊಟಕ್ಕೆ ಕೂರುತ್ತೀರಿ. ಪಕ್ಕದ ಹೊಲದ ದುರುಗವ್ವ ಓಡಿ ಬಂದು, "ಏ ತಂಗೆವ್ವಾ, ಮೊದ್ಲ ಪರದೆ ಎತ್ತ! ಮರಿ ಉಸಿರುಗಟ್ಟಿ ಸಾಯಾಕತ್ತಾವ!" ಎಂದು ಕೂಗುತ್ತಾಳೆ. ಅಷ್ಟರಲ್ಲಿ ಅರ್ಧಕ್ಕರ್ಧ ಮರಿಗಳು ಸತ್ತಿರುತ್ತವೆ. "ನಮ್ ಕಡೆ ಹಿಂಗೇ ಮಾಡೋದು ಕಣಕ್ಕಾ" ಎಂದು ನೀವು ಗೊಳೋ ಎಂದು ಅಳುವಾಗ ಅವಳು ನಿಮ್ಮನ್ನು ಅಪ್ಪಿಕೊಂಡು ಕೂರುತ್ತಾಳೆ. ನಿಮ್ಮಿಬ್ಬರ ಗೆಳೆತನ ಆ ಅಳುವಿನಿಂದ ಶುರುವಾಯಿತು. ಮುಂದೆ ನಿಮ್ಮ ಮಗ ಅವಳ ಮಗಳನ್ನು ಮದುವೆಯಾದ. ಅವರ ವಂಶದಲ್ಲಿ ಹುಟ್ಟಿದವಳು ನಾನು.

ಅದಕ್ಕೇ ಇದನ್ನು ಬರೆಯಲು ಕೈ ಬರುತ್ತಿರಲಿಲ್ಲ. ಎಚ್ಚರಿಸಿದರೆ ಮರಿಗಳು ಉಳಿಯುತ್ತವೆ, ನೀವು ಅಳುವುದಿಲ್ಲ, ದುರುಗವ್ವ ಓಡಿ ಬರುವುದಿಲ್ಲ. ಆಮೇಲೆ ನಾನೆಲ್ಲಿ? ಸುಮ್ಮನಿದ್ದುಬಿಡೋಣ ಎಂದುಕೊಂಡಿದ್ದೆ. ಇವತ್ತು ಹೊಸ ಮರಿಗಳು ಬಂದವು. ಒಂದನ್ನು ಅಂಗೈಯಲ್ಲಿ ಹಿಡಿದಾಗ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನಿಮ್ಮ ಮೇಲೆ, ನಿಮ್ಮ ಮರಿಗಳ ಮೇಲೆ ತುಂಬಾ ಪ್ರೀತಿ ಬಂತು. ಪರದೆ ಇಳಿಸಬೇಡಿ, ಅಜ್ಜಿ.

ಒಂದೇ ಒಂದು ಬೇಡಿಕೆ. ಮರಿಗಳೆಲ್ಲ ಚೆನ್ನಾಗಿದ್ದರೂ ಅವತ್ತು ಸಂಜೆ ದುರುಗವ್ವನ ಮನೆಗೆ ಹೋಗಿ. ಮರಿಗಳ ನೀರಿಗೆ ಹಾಕಲು ಒಂದು ತುಂಡು ಬೆಲ್ಲ ಬೇಕಿತ್ತು ಎನ್ನಿ. ಡಬ್ಬಿ ತುಂಬ ಬೆಲ್ಲವಿದ್ದರೂ ಇಲ್ಲವೆನ್ನಿ. ಅವಳು ಕೂರಲು ಹೇಳಿದರೆ ಕೆಲಸವಿದೆ ಎಂದು ಎದ್ದು ಬರಬೇಡಿ. ದಮ್ಮಯ್ಯ, ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಹುಟ್ಟುವ ಆಸೆಯಲ್ಲಿ,
ರುದ್ರಾಣಿ