ಏಳನೆಯ ಖಾನೆ

ಅಂಗಡಿಯ ಮಹಡಿ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ದಿನವಿಡೀ ಒಲೆಯ ಮುಂದೆ ನಿಲ್ಲುವವನು, ಕಾಲುನೋವು ಕಡಿಮೆಯಾಯಿತೇ? ಇಲ್ಲಿ ಅಪ್ಪನ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ತಕರಾರು ತೆಗೆಯುತ್ತದೆ. ಅತ್ತೆ ಆರೋಗ್ಯವಾಗಿದ್ದಾಳೆ, ಅಂದರೆ ಎಲ್ಲರನ್ನೂ ಬೈಯುತ್ತಿದ್ದಾಳೆ. ನಿನ್ನ ವಿಳಾಸ ಹೇಗೆ ಸಿಕ್ಕಿತೆಂದು ಗಾಬರಿಯಾಗಬೇಡ. ಹಡಗಿನ ಕಚೇರಿಗೆ ನಾನೇ ಫೋನ್ ಮಾಡಿದ್ದೆ. ಹಡಗು ಮಾರಾಟವಾಯಿತು, ನಿಮ್ಮನ್ನೆಲ್ಲ ಇಳಿಸಿದರು, ನೀನೀಗ ಬಂದರಿನ ಕ್ಯಾಂಟೀನಿನಲ್ಲಿ ಅಡುಗೆಗಿದ್ದೀಯ ಎಂದು ಗುಮಾಸ್ತರು ಹೇಳಿದರು. ಅಪ್ಪನಿಗೆ ಹೇಳಿಲ್ಲ. "ಹಡಗಿನ ಮುಖ್ಯ ಅಡುಗೆಯವನಾಗದೆ ಈ ಮೆಟ್ಟಿಲು ಹತ್ತಲ್ಲ" ಎಂದು ಕೂಗಿ ಹೋದವನು ನೀನು. ಈ ಸುದ್ದಿಯನ್ನೂ ನೀನೇ ಹೇಳಬೇಕು.

ನಿನ್ನ ಕೊನೆಯ ಕಾರ್ಡು ಬಂದು ಎಂಟು ತಿಂಗಳಾಯಿತು. ಬಂದರಿಗೊಂದು ಕಾರ್ಡು, ಅದರಲ್ಲಿ ಮುತ್ತಿಗೆ ಆ ಊರಿನ ಭಾಷೆಯ ಪದ, ಅದನ್ನು ಯಾರ ಬಾಯಿಂದ ಕೇಳಿದೆ ಎಂಬ ಒಂದು ಸಾಲು. ಮುತ್ತಿನ ಕಪಾಟಿನ ಎಂಟು ಖಾನೆಗಳ ಅಳತೆಯ ಅಂಕಿ ಸವೆದು ಹೋಗಿತ್ತಲ್ಲ, ಅಪ್ಪ ಆ ಪದಗಳನ್ನೇ ಬರೆದು ಅಂಟಿಸಿಬಿಟ್ಟರು. ಜರಡಿಯಲ್ಲಿ ಇಳಿಯುವ ಅತಿ ಸಣ್ಣ ಮುತ್ತಿಗೆ ಫಿನ್‌ಲೆಂಡಿನ ಮೀನು ಮಾರುವವಳು ಹೇಳಿದ 'ಹೆಲ್ಮಿ'. ಆಮೇಲೆ ಫ್ರೆಂಚರ 'ಪೆರ್ಲ್', ಇಟಲಿಯವರ 'ಪೆರ್ಲಾ', ಪೋರ್ಚುಗೀಸರ 'ಪೆರೊಲಾ'. "ಅರ್ಧ ಯುರೋಪು ಒಂದೇ ಪದಕ್ಕೆ ಬಾಲ ಬದಲಿಸಿಕೊಂಡು ಓಡಾಡ್ತಿದೆ" ಎಂದು ಅಪ್ಪ ನಕ್ಕಿದ್ದರು. ಕ್ರೊಯೇಷಿಯಾದ ಕ್ಷೌರಿಕನ 'ಬಿಸೆರ್', ರಷ್ಯನ್ನರ 'ಜೆಮ್‌ಚುಗ್' ಐದು ಮತ್ತು ಆರು. ಎಲ್ಲಕ್ಕಿಂತ ಉದ್ದದ್ದು ಗ್ರೀಕರ 'ಮಾರ್ಗರಿತಾರಿ'. ಅದು ಎಂಟನೆಯ ಖಾನೆಗೆ, ದೊಡ್ಡ ಮುತ್ತಿಗೆ. ಈಗ ಕೆಲಸದ ಮಾತೇ ಅದು. "ಎರಡು ಹೆಲ್ಮಿ ಇತ್ತ ತಳ್ಳೇ, ಕಣ್ಣು ಎಲ್ಲಿಟ್ಟಿದ್ದೀಯ?" ಎಂದು ಅತ್ತೆ ಗದರುವುದನ್ನು ನೀನು ಕೇಳಬೇಕು.

ಏಳನೆಯದಕ್ಕೆ ಪದ ಬರದೆ ಅದು ಖಾಲಿ ಉಳಿದಿತ್ತು. "ಅವನು ಬರೀಲಿ, ಹೆಸರಿಲ್ಲದ ಖಾನೆಗೆ ಮುತ್ತು ಹಾಕೋದು ಬೇಡ" ಎಂದು ಅಪ್ಪ ಆ ಅಳತೆಯ ಮುತ್ತುಗಳನ್ನೆಲ್ಲ ಮೇಜಿನ ಅಂಚಿನಲ್ಲಿ ಒಂದು ಬಟ್ಟಲಿಗೆ ಹಾಕುತ್ತಾ ಬಂದರು. ಕಳೆದ ವಾರ ಅತ್ತೆಯ ಮೊಣಕೈ ತಗುಲಿ ಬಟ್ಟಲು ಬಿತ್ತು. ಮೂವರೂ ತುದಿಗಾಲಿನಲ್ಲಿ ಕುಳಿತು, ಮಂಡಿಯೂರಿ, ಟಾರ್ಚು ಹಿಡಿದು ಹುಡುಕಿದೆವು. ಅಪ್ಪ ಕಪಾಟಿನ ಕೆಳಗೆ ಕೈ ಹಾಕಿದವರು ಏಳಲಾಗದೆ ಸ್ವಲ್ಪ ಹೊತ್ತು ಅಲ್ಲೇ ಕೂತರು. ನನಗೆ ತಡೆಯಲಾಗಲಿಲ್ಲ. ಗ್ರಂಥಾಲಯಕ್ಕೆ ಹೋಗಿ ನಿಘಂಟಿನಲ್ಲಿ ಹಂಗೇರಿಯವರ 'ಜ್ಯೊಂಜ್' ಹುಡುಕಿ ತಂದು, ನೀನು ಬರೆದಿದ್ದೀಯ, ಕಾರ್ಡು ನೀರಿಗೆ ಬಿದ್ದು ಹಾಳಾಯಿತು ಎಂದೆ. ಅಪ್ಪ ಕನ್ನಡಕ ಹಾಕಿಕೊಂಡು ಚೀಟಿ ಬರೆದು ಅಂಟಿಸಿ, ಖಾನೆ ತುಂಬಿಸಿದರು.

ಮರುದಿನ ನಕಾಶೆಯ ಪುಸ್ತಕ ಬಿಚ್ಚಿ ನನ್ನನ್ನು ಕರೆದರು. "ಈ ದೇಶಕ್ಕೆ ಸಮುದ್ರ ಯಾವ ಕಡೆ ಇದೆ, ತೋರಿಸು." ಯಾವ ಕಡೆಯೂ ಇರಲಿಲ್ಲ. "ಹೊಳೆಯಲ್ಲಿ ಹೋಗಿರ್ತಾನೆ ಬಿಡು ಅಣ್ಣಾ" ಎಂದಳು ಅತ್ತೆ. "ಅಷ್ಟು ದೊಡ್ಡ ಹಡಗು ಹೊಳೆಯಲ್ಲಿ ಹಿಡಿಸುತ್ತೇನೇ?" ಎಂದರು ಅಪ್ಪ. ಆಮೇಲೆ ನನ್ನ ಮುಖ ನೋಡಿ, "ಹಾಗಾದ್ರೆ ಹಡಗು ಬಿಟ್ಟಿದ್ದಾನೆ. ನೆಲದ ಮೇಲಿದ್ದಾನೆ" ಎಂದು ಪುಸ್ತಕ ಮುಚ್ಚಿದರು. ಬೈಯಲಿಲ್ಲ. ಆ ಮಧ್ಯಾಹ್ನ ಶಿಳ್ಳೆ ಹಾಕುತ್ತಾ ಮೂರು ಸರ ಪೋಣಿಸಿದರು. ಪ್ರತಿ ಎರಡು ಮುತ್ತುಗಳ ನಡುವೆ ಗಂಟು, ಒಂದೂ ತಪ್ಪಿಲ್ಲ.

ಅತ್ತೆಯ ಆಶೀರ್ವಾದಗಳು. ಹೊಟ್ಟೆಗೆ ಸರಿಯಾಗಿ ತಿನ್ನು. ಬೇರೆಯವರಿಗೆ ಬಡಿಸಿದರೆ ನಿನ್ನ ಹೊಟ್ಟೆ ತುಂಬುವುದಿಲ್ಲ.

ನಿನ್ನ ತಂಗಿ

ಮರೆತಿದ್ದಲ್ಲ, ಈಗ ಆದದ್ದು: ಸ್ಟಾಂಪ್ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಲಕೋಟೆಯ ಮೇಲಿನ ವಿಳಾಸ ನೋಡಿ, ಏಳನೆಯ ಖಾನೆಯ ಚೀಟಿ ಕಿತ್ತಿದ್ದರು. "ಯಾರ ಬಾಯಿಂದ ಕೇಳಿದ ಅಂತ ನೀನು ಹೇಳಲೇ ಇಲ್ಲ. ಪದ ನಿನ್ನದು ಅಂತ ಅವತ್ತೇ ಗೊತ್ತಾಯ್ತು. ಹಡಗು ಬಿಟ್ಟಿದ್ದಾನೆ ಅಂದಾಗ ನೀನು ಇಲ್ಲ ಅನ್ನಲಿಲ್ಲ, ಅದೂ ಗೊತ್ತಾಯ್ತು. ಪದ ಬರಿಯೋದು ಬೇಡ ಅಂತ ಅವನಿಗೆ ಬರಿ. ಬಂದು ಹೇಳಲಿ" ಎಂದರು. ಮುತ್ತುಗಳನ್ನು ಮತ್ತೆ ಸುರಿದ ಬಟ್ಟಲನ್ನು ಈ ಸಲ ನೆಲದ ಮೇಲೆಯೇ ಇಟ್ಟಿದ್ದಾರೆ, ಮತ್ತೆ ಬೀಳದಿರಲಿ ಎಂದು. ಅತ್ತೆ ಆಗಲೇ ಎರಡು ಸಲ ಎಡವಿದ್ದಾಳೆ. ಬೇಗ ಬಾ.