ಹಸಿರು ದೀಪದ ಮೇಲೆ ಹೆಬ್ಬೆರಳು

ಮನೆಯಿಂದ,
ಭಾನುವಾರ ಸಂಜೆ

ಪ್ರೀತಿಯ ಅಣ್ಣಾ,

ಬ್ಯಾಟರಿ ಒಂದು ದಿನವೂ ಇಳಿದಿರಲಿಲ್ಲ. ನೀನು ಕೊಡಿಸಿದ ಲೇಸರನ್ನು ನಾನು ದಿನಾ ಚಾರ್ಜಿಗೆ ಹಾಕಿಯೇ ಮಲಗುತ್ತಿದ್ದೆ. ಮರೆತೆ ಅಂತ ಅಪ್ಪನಿಗೆ ಹೇಳಿದ್ದು, ಆಮೇಲೆ ಫೋನಿನಲ್ಲಿ ನಿನ್ನ ಹತ್ತಿರ ಒಪ್ಪಿಕೊಂಡಿದ್ದು, ಎರಡೂ ಸುಳ್ಳು. ಇದನ್ನು ಮೊದಲೇ ಬರೆದುಬಿಡದಿದ್ದರೆ ಮುಂದೆ ಕೈ ಓಡುವುದಿಲ್ಲ. ಈಗ ಕ್ಷೇಮ ವಿಚಾರಿಸುತ್ತೇನೆ. ನಿನ್ನ ಕೆಮ್ಮು ಬಿಟ್ಟಿತೇ? ಲಿಫ್ಟ್ ರಿಪೇರಿಗೆ ಗುಂಡಿಗೆ ಇಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಅಲ್ಲೂ ಹೀರೋ ಥರವೇ ಇಳಿಯುತ್ತೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನನಗೇನೂ ಆಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ನಮ್ಮದು ಒಂದೇ ಕೋಣೆ, ಅಪ್ಪನ ಕಿವಿ ಈಗ ಬಲು ಚುರುಕು.

ನೀನು ಲೇಸರ್ ತಂದ ದಿನ ನಿನಗೆ ನೆನಪಿದ್ದೇ ಇರುತ್ತದೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಡಬ್ಬಿ, ಗುಂಡಿ ಒತ್ತಿದರೆ ಗೋಡೆಯ ಆ ತುದಿಯಿಂದ ಈ ತುದಿಯವರೆಗೂ ಮಟ್ಟಸವಾದ ಕೆಂಪು ಗೆರೆ. ಅಪ್ಪ ತಿರುಗಿಯೂ ನೋಡಲಿಲ್ಲ. "ಮಟ್ಟ ನೋಡೋಕೆ ನೀರು ತುಂಬಿದ ಪೈಪು ಸಾಕು ಕಣೋ, ನೀರು ಸುಳ್ಳು ಹೇಳಲ್ಲ. ಈ ಆಟದ ಸಾಮಾನು ನಂಬ್ಕೊಂಡು ಟೈಲ್ಸ್ ಕೂರಿಸೋ ಮೇಸ್ತ್ರಿ ಅಲ್ಲ ನಾನು" ಅಂದ. ನೀನು "ಹಾಗಾದ್ರೆ ನಿನ್ನ ಪೈಪನ್ನೇ ಕಟ್ಕೊಂಡು ಬಾಳು" ಅಂತ ಚೀಲ ಎತ್ತಿಕೊಂಡೆ. ನೀನು ಬಸ್ ಹತ್ತಿದ ಮಾರನೇ ದಿನವೇ ಅಪ್ಪ ಆ ಡಬ್ಬಿ ತೆಗೆದು, ಬಾಗಿಲು ಹಾಕಿಕೊಂಡು, ಮನೆಯ ನಾಲ್ಕೂ ಗೋಡೆಗೆ ಗೆರೆ ಬಿಟ್ಟು ನೋಡಿದ. "ನಿಮ್ಮಣ್ಣನಿಗೆ ಹೇಳಬೇಡ" ಅಂದ. ವಾರ ಕಳೆಯುವುದರೊಳಗೆ ಆ ಪೈಪಿನ ಮೇಲೆ ಅಮ್ಮ ಬಟ್ಟೆ ಒಣಹಾಕುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಲ್ಲ, ಅಪ್ಪ ಲೇಸರ್ ಬಳಸುತ್ತಿದ್ದಾನೆ ಅಂತ ನಿನಗೆ ಹೇಳಿಯೇಬಿಟ್ಟೆ.

ಸುಳ್ಳು ಹೇಳುವುದರಲ್ಲಿ ನಾನೆಷ್ಟು ದಡ್ಡಿ ಅಂತ ಊರಿಗೇ ಗೊತ್ತು. ಲೆಕ್ಕದ ಮೇಷ್ಟ್ರು ಕೂಡುವಾಗ ತಪ್ಪಿ ಹೆಚ್ಚಿಗೆ ಹಾಕಿದ್ದ ಅಂಕವನ್ನು ಎದ್ದು ನಿಂತು ತೋರಿಸಿ ಫೇಲಾದವಳು ನಾನು. ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಬೆಂಚಿನ ಮೇಲೆ ಕೂತಿರುವುದು ಹೇಗೂ ನನ್ನ ಕೈಲಿ ಆಗುತ್ತಿರಲಿಲ್ಲ. ಅಮ್ಮ ಅತ್ತಳು. ಅಪ್ಪ ಮಾತ್ರ "ಬುಗುರಿನ ನಿಲ್ಲಿಸಿದ್ರೆ ಬಿದ್ದೋಗುತ್ತೆ ಕಣೇ, ಬಿಡು, ನನ್ನ ಜೊತೆ ಬರ್ಲಿ" ಅಂದ. ಅಂದಿನಿಂದ ಅಪ್ಪ ಕೂರಿಸುವವನು, ನಾನು ಲೇಸರ್ ಹಿಡಿಯುವವಳು.

ಮೊದಮೊದಲು ಅಪ್ಪ ಬಕೆಟ್ಟು ಎಡವುತ್ತಿದ್ದ. "ಯಾವನೋ ಇಲ್ಲಿ ಇಟ್ಟಿದ್ದು?" ಅಂತ ಕೂಗುತ್ತಿದ್ದ. ಇಟ್ಟವನು ಅವನೇ. ನಾನು ನಗುತ್ತಿದ್ದೆ. ಆಮೇಲೆ ಒಂದು ದಿನ ಯಾರದೋ ಅಡುಗೆಮನೆಯಲ್ಲಿ ಕೆಲಸ. ಸ್ಟ್ಯಾಂಡ್ ಇಡಲು ಜಾಗವಿಲ್ಲದೆ ಲೇಸರನ್ನು ಕೈಯಲ್ಲೇ ಹಿಡಿದು ಮೂಲೆಗೆ ಒತ್ತಿಕೊಂಡು ನಿಂತಿದ್ದೆ. ಗೆರೆ ಕೆಂಪಗೆ ನಿಂತಿತ್ತು. ಅಪ್ಪ ಪೆನ್ಸಿಲ್ ಹಿಡಿದು "ಹಾಕೇ" ಅಂದ. "ಹಾಕಿದೀನಪ್ಪ" ಅಂದೆ. "ಮಂಕಾಗಿದೆ. ಚಾರ್ಜಿಗೆ ಹಾಕಿಲ್ವಾ?" ಹಾಕಿದ್ದೆ, ನೋಡು ಹಸಿರು ದೀಪ ಉರೀತಿದೆ ಅನ್ನಲು ಬಾಯಿ ತೆರೆದೆ. ಆಗ ಅಪ್ಪನ ಪೆನ್ಸಿಲ್ ಕಾಣಿಸಿತು. ಅದು ಗೆರೆಯನ್ನು ಹುಡುಕುತ್ತ ಗೆರೆಯ ಮೇಲೆಯೇ ಹಾದು ಕೆಳಗೆ ಹೋಯಿತು. ಮತ್ತೆ ಮೇಲೆ ಬಂತು. ಅಪ್ಪನ ಮುಖವನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ, ಅಣ್ಣಾ. ಹಸಿರು ದೀಪದ ಮೇಲೆ ಹೆಬ್ಬೆರಳು ಇಟ್ಟುಕೊಂಡೆ. "ಮರೆತೆ ಅಪ್ಪ" ಅಂದೆ.

ಅವನ ಮುಖಕ್ಕೆ ಜೀವ ಬಂತು. ಎಷ್ಟು ಖುಷಿಯಿಂದ ಬೈದ ಗೊತ್ತಾ! "ಒಂದಿನ ತಲೆನೂ ಮನೇಲೇ ಬಿಟ್ಟು ಬರ್ತೀಯ ನೋಡು" ಅಂದ. ಬೇರೆ ಬ್ಯಾಟರಿ ಹಾಕಿದ ಹಾಗೆ ಮಾಡಿ, ಲೇಸರನ್ನು ಟೈಲ್ಸ್ ಪೆಟ್ಟಿಗೆಯ ಮೇಲೆ ಕೂರಿಸಿ, ಒಂದು ಮೊಳೆ ತೆಗೆದುಕೊಂಡು ಗೆರೆಯುದ್ದಕ್ಕೂ ಗೋಡೆಯನ್ನು ಆಳವಾಗಿ ಗೀರಿದೆ. ಪೆನ್ಸಿಲ್ ಆದರೆ ಒದ್ದೆಗೆ ಅಳಿಸಿಹೋಗುತ್ತದೆ ಅಂದೆ. ಅಪ್ಪ ಹೂಂ ಅಂದ. ಆ ಗೀರನ್ನು ಬೆರಳಲ್ಲಿ ಸವರಿಕೊಂಡು ಟೈಲ್ಸ್ ಕೂರಿಸಿದ, ಸಂದನ್ನು ಉಗುರಲ್ಲಿ ನೋಡಿದ. ಒಂದು ಸಾಲೂ ವಾಲಲಿಲ್ಲ. ಮನೆಯಾಕೆ ಬಂದು "ಮೇಸ್ತ್ರಿ, ಕೈ ಅಂದ್ರೆ ನಿಮ್ಮದು" ಅಂದಾಗ ಅಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ದಿನಾ ಗೆರೆ ಮಂಕಾಗುವುದು, ದಿನಾ ನಾನು ಮರೆತಿರುವುದು, ದಿನಾ ಬೈಗುಳ, ಆಮೇಲೆ ಮೊಳೆ. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ನನ್ನ ಜಾಯಮಾನಕ್ಕೇ ಆಗದ್ದು, ನಿನಗೆ ಗೊತ್ತು. ಆದರೂ ಬೈಸಿಕೊಂಡಾಗಲೆಲ್ಲ ಸಮಾಧಾನವಾಗುತ್ತಿತ್ತು. ಅಪ್ಪ ಬೈಯುತ್ತಿದ್ದಾನೆ ಅಂದರೆ ಅಪ್ಪನಿಗೆ ಏನೂ ಆಗಿಲ್ಲ ಅಂತ.

ಅಪ್ಪ ನಿನಗೂ ದೂರು ಹೇಳಿದ. ನೀನು ನನಗೆ ಉಗಿದು, ಕರೆಂಟಿನಲ್ಲೇ ಲೇಸರ್ ಓಡಿಸುವ ಅಡಾಪ್ಟರ್ ಕಳಿಸಿದೆ. ಜೊತೆಗಿದ್ದ ಚೀಟಿಯನ್ನು ಅಮ್ಮ ಎಲ್ಲರಿಗೂ ಕೇಳಿಸುವಂತೆ ಓದಿದಳು: "ಬುಗುರಿ, ಇನ್ನು ಮರೆಯೋಕೆ ಏನೂ ಉಳಿದಿಲ್ಲ. ಪ್ಲಗ್ಗಿಗೆ ಸಿಕ್ಕಿಸಿದರೆ ದಿನವೆಲ್ಲ ಒಂದೇ ಬೆಳಕು." ಅಣ್ಣಾ, ಅಪ್ಪ ಆ ಅಡಾಪ್ಟರನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ. ವೈರು ಹೊರಗೆ ನೇತಾಡುತ್ತಿತ್ತು. ಕಂಡವರಿಗೆಲ್ಲ "ಮಗ ಕಳಿಸಿದಾನೆ" ಅಂದ. ಇದನ್ನು ನಿನಗೆ ಹೇಳಬೇಡ ಅಂತ ಅವನು ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ಹೊಸ ಶಾಲೆಯ ಕಟ್ಟಡವೊಂದರಲ್ಲಿ ಕೆಲಸ. ಉದ್ದನೆಯ ಕಾರಿಡಾರ್, ಎರಡೂ ಕಡೆ ಗೋಡೆಗೆ ಟೈಲ್ಸ್. ಅಡಾಪ್ಟರನ್ನು ಅಪ್ಪ ತಾನೇ ತಡವಿಕೊಂಡು ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ. "ಒತ್ತೇ" ಅಂದ. ಒತ್ತಿದೆ. ಕಾರಿಡಾರಿನ ಆ ಕೊನೆಯವರೆಗೂ ಗೆರೆ ಹರಿಯಿತು. ಅಲ್ಲಿ ಗೋಡೆಗೆ ತೂತು ಹಾಕುತ್ತಿದ್ದ ಪ್ಲಂಬರ್ "ಏನ್ ಮೇಸ್ತ್ರಿ, ಗೋಡೆ ಕುಯ್ದಂಗೆ ಕಾಣ್ತದಲ್ಲ!" ಅಂತ ಕೂಗಿದ. ಅಪ್ಪ ಕಾದ. "ಒತ್ತಿದ್ಯಾ?" ಅಂದ. "ಒತ್ತಿದೀನಪ್ಪ." "ಕರೆಂಟ್ ಹೋಗಿರ್ಬೇಕು" ಅಂದ. ಪ್ಲಂಬರನ ಡ್ರಿಲ್ ಅದೇ ಬಾಕ್ಸಿನಿಂದ ಕರೆಂಟು ಎಳೆದುಕೊಂಡು ಒದರುತ್ತಿತ್ತು. ಅಪ್ಪ ಆ ಸದ್ದು ಕೇಳಿಸಿಕೊಳ್ಳುತ್ತ ನಿಂತ. ನನಗೆ ಹೇಳಲು ಯಾವ ಸುಳ್ಳೂ ಉಳಿದಿರಲಿಲ್ಲ. ಬ್ಯಾಟರಿ ಇಳಿಯುತ್ತದೆ, ಮರೆತರೆ ಮಂಕಾಗುತ್ತದೆ. ಕರೆಂಟಿಗೆ ಏನು ನೆಪ ಹೇಳಲಿ?

ಅಪ್ಪ ಗೋಡೆಯ ಮೇಲೆ ಕೈಯಿಟ್ಟು ನಿಧಾನಕ್ಕೆ ಸವರಿದ. ಕೆಂಪು ಗೆರೆ ಅವನ ಬೆರಳುಗಳ ಮೇಲೆ ಬಿದ್ದಿತ್ತು. "ಇಷ್ಟು ದಿನ ಚಾರ್ಜಿಗೆ ಹಾಕ್ತಿದ್ಯಾ?" ಅಂದ. ಹೂಂ ಅಂದೆ. "ದಿನಾ?" "ದಿನಾ." ಸಿಮೆಂಟ್ ಚೀಲದ ಮೇಲೆ ಕೂತುಕೊಂಡ. "ಸುಮ್ಮಸುಮ್ಮನೆ ಬೈದೆನಲ್ಲೇ ನಿನ್ನ" ಅಂದ. ಆಮೇಲೆ "ಸುಳ್ಳು ಹೇಳೋಕೆ ಬರಲ್ಲ ನಿಂಗೆ ಅಂದ್ಕೊಂಡಿದ್ದೆ" ಅಂತ ನಗಲು ನೋಡಿದ. ನಗು ಬರಲಿಲ್ಲ.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬಂದಿದೆಯಂತೆ. ಪಕ್ಕದ ನೋಟ ಮೊದಲು ಹೋಗುತ್ತದಂತೆ, ಬಕೆಟ್ಟು ಎಡವಿದ್ದು ಅದಕ್ಕೇ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಹಿಡಿದಿಡಲು ಹನಿ ಹಾಕುತ್ತಿರಬೇಕು. ಎಷ್ಟು ಕಾಲ ಹಿಡಿದೀತು ಅಂತ ಹೇಳಲಾಗುವುದಿಲ್ಲವಂತೆ. ಮೊದಲೇ ಬಂದಿದ್ದರೆ ಅಂತ ನಾನು ನೇರವಾಗಿ ಕೇಳಿದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಕೇಳದೆ ಇರಲಾಗಲಿಲ್ಲ. ಇನ್ನಷ್ಟು ಉಳಿಯುತ್ತಿತ್ತು ಅಂದರು. ಅಪ್ಪ ಕುರ್ಚಿಯಿಂದ ಎದ್ದು "ಆ ಹುಡುಗಿಗ್ಯಾಕೆ ಹೇಳ್ತೀರಿ ಸಾರ್, ಕಣ್ಣು ನಂದಲ್ವಾ" ಅಂದ.

ಅಣ್ಣಾ, ಅಪ್ಪ ಕ್ಷಮಿಸಿದ್ದಾನೆ. ಅಮ್ಮ ಒಂದು ದಿನ ಮಾತು ಬಿಟ್ಟಿದ್ದಳು, ಈಗ ಆಡುತ್ತಾಳೆ. ನೀನು ಏನನ್ನುತ್ತೀಯೋ ನನಗೆ ಗೊತ್ತಿಲ್ಲ. ಅಂಕ ಹೆಚ್ಚಿಗೆ ಬಂದಾಗ ಎದ್ದು ನಿಲ್ಲಲು ಬಂದ ಕಾಲು ಆ ಅಡುಗೆಮನೆಯಲ್ಲಿ ಎಲ್ಲಿ ಹೋಗಿತ್ತು ಅಂತ ನಾನೇ ಕೇಳಿಕೊಳ್ಳುತ್ತಿರುತ್ತೇನೆ. ಪ್ರೀತಿಗೆ ಹೇಳಿದ್ದು ಅಂದುಕೊಂಡಿದ್ದೆ. ಅರ್ಧ ಪ್ರೀತಿ, ಅರ್ಧ ಹೆದರಿಕೆ. ಸರಿಯಾಗಿ ಹೇಳಬೇಕೆಂದರೆ ಹೆದರಿಕೆಯೇ ಹೆಚ್ಚು.

ನಿನ್ನೆ ಕಂಟ್ರಾಕ್ಟರ್ ಬಂದಿದ್ದ. ದೂರದ ಊರಿನಲ್ಲಿ ದೊಡ್ಡ ಕೆಲಸ, ಮೇಸ್ತ್ರಿ ಬೇಕು ಅಂದ. ಅಪ್ಪ ಬಾಗಿಲಲ್ಲಿ ಕೂತಲ್ಲಿಂದಲೇ "ಮೇಸ್ತ್ರಿ ಬರ್ತಾಳೆ" ಅಂದ. ಕಂಟ್ರಾಕ್ಟರ್ ನಕ್ಕ. "ನಗಬೇಡಯ್ಯಾ. ಇಷ್ಟು ದಿನ ನಿನ್ನ ಗೋಡೆ ನೆಟ್ಟಗೆ ಇಟ್ಟಿದ್ದು ಯಾರು ಅಂದ್ಕೊಂಡಿದೀಯ?" ಅಂದ ಅಪ್ಪ. ನಾನು ಹೋಗುವುದಿಲ್ಲ ಅಂದೆ. ಒಂದು ಕಡೆ ನಿಲ್ಲಲಾರದವಳು ಮೊದಲ ಸಲ ಮನೆಯಲ್ಲೇ ಇರುತ್ತೇನೆ ಅಂದೆ. ಅಪ್ಪ ಕೇಳಲಿಲ್ಲ. ಇವತ್ತು ತಾನೇ ಕೂತು ನನ್ನ ಚೀಲ ಕಟ್ಟಿದ. ಕರಣೆ, ಲೇಸರ್, ಅಡಾಪ್ಟರ್, ಎರಡು ಬ್ಯಾಟರಿ, ಒಂದೊಂದನ್ನೂ ಮುಟ್ಟಿ ನೋಡಿ ಒಳಗಿಟ್ಟ. ಮೊಳೆಯನ್ನು ಮಾತ್ರ ತನ್ನ ಹತ್ತಿರ ಇಟ್ಟುಕೊಂಡ. "ನಿಂಗೆ ಬೇಡ, ಕಾಣುತ್ತಲ್ಲ" ಅಂದ. ಆಮೇಲೆ ಅಭ್ಯಾಸಬಲದಿಂದ "ಚಾರ್ಜಿಗೆ ಹಾಕೋದು ಮರೀಬೇಡ" ಅಂದುಬಿಟ್ಟ.

ಅಮ್ಮನ ಆಶೀರ್ವಾದ. ಒಗೆಯುವ ಬಟ್ಟೆ ಗಂಟು ಕಟ್ಟಿ ಇಡಬೇಡವಂತೆ, ಕೊಳೆಯುತ್ತದಂತೆ. ಅಪ್ಪನಿಗೆ ನಾನು ಕಾಗದ ಬರೆಯುತ್ತಿರುವುದು ಗೊತ್ತು. ಯಾರಿಗೆ ಅಂತ ಕೇಳಿಲ್ಲ.

ನಿನ್ನ ತಂಗಿ,
ಬುಗುರಿ

ಮರೆತಿದ್ದೆ: ನೀನು ಬಾ. ಹಗಲು ಹೊತ್ತಿನಲ್ಲಿ ಬಾ. ಕಿಟಕಿಯ ಬೆಳಕಿನಲ್ಲಿ ಎದುರಿಗೆ ನಿಂತರೆ ಅಪ್ಪ ಇನ್ನೂ ಮುಖ ಗುರುತು ಹಿಡಿಯುತ್ತಾನೆ. ಪಕ್ಕದಲ್ಲಿ ನಿಲ್ಲಬೇಡ, ನೇರವಾಗಿ ನಿಲ್ಲು. ಜಗಳದ ಮಾತು ಅವನು ಎತ್ತುವುದಿಲ್ಲ, ನೀನೂ ಎತ್ತಬೇಡ. ನೀನು ಬರುವಾಗ ನಾನು ಇಲ್ಲಿರುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.