ಇಸ್ತ್ರಿಪೆಟ್ಟಿಗೆಗೆ ಹಾಕಿದ ನೀರು

ಕನ್ನಡಕದ ಅಂಗಡಿಯಿಂದ
ಮಾರ್ಚ್ ೪, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತಾ, ಇಲ್ಲ ವ್ಯಾಯಾಮ ಮಾಡದೆಯೇ ಮಾಡಿದೆ ಅಂತ ಅಮ್ಮನ ಹತ್ತಿರ ಸುಳ್ಳು ಬಿಡುತ್ತಿದ್ದೀಯಾ? ಅಮ್ಮ ಬಾಗಿಲಿನ ಚಿಲಕವನ್ನೂ ತಡಕಾಡುತ್ತಾಳೆ ಎಂದು ನೀನು ಬರೆದದ್ದನ್ನು ಎರಡೆರಡು ಸಲ ಓದಿದೆ. ಆದರೆ ಈ ಕಾಗದವನ್ನು ಅವಳಿಗೆ ಓದಿ ಹೇಳಬೇಡ. ಫೋನ್ ಮಾಡಬಹುದಿತ್ತು. ನೀನು "ಏನು? ಏನಂದೆ?" ಅನ್ನುವುದು, ನಾನು ಕಿರುಚುವುದು, ಕೊನೆಗೆ ನಿನ್ನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಕೇಳಿಸುವುದು! ಇದು ಕಿರುಚಿ ಹೇಳುವ ಸುದ್ದಿಯಲ್ಲ.

ಭಾನುವಾರ ಬೆಳಿಗ್ಗೆ ನಿನ್ನ ಅಳಿಯನ ಬಿಳಿ ಕೋಟು ಇಸ್ತ್ರಿ ಮಾಡುತ್ತಿದ್ದೆ. ಇವರು ಸ್ನಾನಕ್ಕೆ ಹೋಗಿದ್ದರು. ನಲ್ಲಿ ನೀರು ಹಾಕಿದರೆ ಇಸ್ತ್ರಿಪೆಟ್ಟಿಗೆಯ ತೂತುಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ, ಅದಕ್ಕೆ ನಾನು ಯಾವಾಗಲೂ ಕುಡಿಯುವ ನೀರನ್ನೇ ಹಾಕುವುದು. ಅಡುಗೆಮನೆಯವರೆಗೆ ಹೋಗಲು ಸೋಮಾರಿತನ. ಇವರ ಚೀಲದಲ್ಲಿದ್ದ ಸ್ಟೀಲ್ ಬಾಟಲಿ ತೆಗೆದು ಸುರಿದೆ. ಕೋಟಿನ ಮೇಲೆ ಒಂದು ಸಲ ಎಳೆದೆ ನೋಡು, ಆವಿಯ ಜೊತೆ ಘಾಟು ಮೂಗಿಗೆ ಬಡಿಯಿತು. ಆಸ್ಪತ್ರೆಯ ಸ್ಪಿರಿಟ್ ಇರಬೇಕು ಎಂದುಕೊಂಡೆ. ಕುಡಿಯುವ ಬಾಟಲಿಯಲ್ಲಿ ಸ್ಪಿರಿಟ್ ಯಾಕಿರುತ್ತದೆ? ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡೆ. ಮದ್ಯ, ಅಪ್ಪಾ. ನೋಡಿದರೆ ನೀರಿನಷ್ಟೇ ತಿಳಿ.

ಕುಡುಕ ಎಂದರೆ ತೂರಾಡುವವನು, ಪಾತ್ರೆ ಎಸೆಯುವವನು ಎಂದು ತಿಳಿದಿದ್ದ ಪೆದ್ದಿ ನಾನು. ಇವರು ಒಂದು ದಿನ ಧ್ವನಿ ಏರಿಸಿದವರಲ್ಲ, ಕೆಲಸಕ್ಕೆ ತಡವಾಗಿ ಹೋದವರಲ್ಲ. ಕಣ್ಣಿನ ಡಾಕ್ಟರ್ ಎಂದರೆ ಇವರೇ ಎಂದು ದೂರದೂರದಿಂದ ಜನ ಬರುತ್ತಾರೆ. ತನ್ನ ಬಾಟಲಿ ತಾನೇ ತೊಳೆದುಕೊಳ್ಳುವ ಗಂಡ ಎಂದು ಅಮ್ಮನ ಮುಂದೆ ಎಷ್ಟು ಜಂಬ ಕೊಚ್ಚಿಕೊಂಡಿದ್ದೆ! ಬೆಳಗಿನ ಕಾಫಿಯನ್ನು ಲೋಟ ಎತ್ತದೆ, ಮೇಜಿನ ಮೇಲೇ ಬಿಟ್ಟು, ಬಗ್ಗಿ ಹೀರುತ್ತಾರೆ. "ಒಳ್ಳೇ ಬೆಕ್ಕಿನ ಥರ ಕುಡೀತೀರಲ್ಲ" ಅಂತ ರೇಗಿಸುತ್ತಿದ್ದೆ. "ಬಿಸಿ ಕಣೇ" ಅನ್ನುತ್ತಿದ್ದರು. ಎತ್ತಿದರೆ ಕೈ ನಡುಗುವುದು ಕಾಣುತ್ತದೆ, ಅದಕ್ಕೆ. ದಿನವಿಡೀ ಪರರ ಕಣ್ಣಿಗೆ ಕನ್ನಡಕ ಕೂರಿಸುವ ನನಗೆ ಹನ್ನೊಂದು ವರ್ಷ ಇದು ಕಾಣಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ನಿನ್ನೆ ಆಸ್ಪತ್ರೆಯ ಹಿರಿಯ ನರ್ಸನ್ನು ಮೆಲ್ಲಗೆ ಕೇಳಿದೆ, ಆಪರೇಷನ್ನುಗಳೆಲ್ಲ ಹತ್ತು ಗಂಟೆಯ ಮೇಲೇ ಯಾಕೆ ಎಂದು. "ಹತ್ತರ ಮೇಲೆ ಡಾಕ್ಟರ ಕೈ ಚೆನ್ನಾಗಿರತ್ತಮ್ಮಾ" ಅಂದರು. ಆಮೇಲೆ ನನ್ನ ಮುಖ ನೋಡಲಿಲ್ಲ. ಅಷ್ಟು ಹೊತ್ತಿಗೆ ಬಾಟಲಿಯಿಂದ ಎರಡು ಗುಟುಕು ಒಳಗೆ ಹೋಗಿರುತ್ತದಲ್ಲ. ಅಮ್ಮನಿಗಿರುವುದು ಒಂದೇ ಕಣ್ಣು. ಬರುವ ಸೋಮವಾರ ಇವರು ಅದರ ಪೊರೆ ತೆಗೆಯಬೇಕು. "ನನ್ನ ಅಳಿಯನ್ನ ಬಿಟ್ಟು ಬೇರೆ ಯಾರೂ ಮುಟ್ಟಕೂಡದು" ಎಂದು ಹಟ ಹಿಡಿದು ಕೂತಿದ್ದಾಳಲ್ಲ, ಆ ಮಾತು ಎರಡು ದಿನದಿಂದ ಕಿವಿಯಲ್ಲಿ ಕೊರೆಯುತ್ತಿದೆ.

ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಬಾಟಲಿಯನ್ನು ಎದುರಿಗಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಇಷ್ಟು ವರ್ಷದಲ್ಲಿ ಒಬ್ಬರ ಕಣ್ಣಾದ್ರೂ ಕೆಟ್ಟಿದ್ಯಾ?" ಅಂದರು. ನಾನು ಅಮ್ಮನ ಹೆಸರೆತ್ತಿದೆ. ಎದ್ದು ಹೋಗಿ ಎಲ್ಲವನ್ನೂ ಸಿಂಕಿಗೆ ಸುರಿದರು. "ಅತ್ತೆ ಕಣ್ಣಿನ ಮೇಲಾಣೆ, ಇವತ್ತಿಂದ ಒಂದು ಹನಿ ಮುಟ್ಟಲ್ಲ" ಅಂದರು. ನಾನು ಅತ್ತುಬಿಟ್ಟೆ. ಆರು ದಿನ ಇದೆ, ಅಷ್ಟರಲ್ಲಿ ಎಲ್ಲ ಸರಿಹೋಗುತ್ತದೆ. ಅಮ್ಮನನ್ನು ಕರೆದುಕೊಂಡು ಸೋಮವಾರ ಬಾ. ಮನಸ್ಸಿನ ಭಾರ ಇಳಿಸಿಕೊಳ್ಳಲು ನಿನಗೆ ಬರೆದೆ, ಅಷ್ಟೇ.

ಅಮ್ಮನಿಗೆ ಮುತ್ತು, ನಿನ್ನ ಹಟಮಾರಿ ಮಂಡಿಗೂ ನಮಸ್ಕಾರ.

ನಿನ್ನ
ಪುಟ್ಟಿ

ತಾ.ಕ.: ಬುಧವಾರ ಬೆಳಿಗ್ಗೆ. ಕಾಗದ ಇನ್ನೂ ಅಂಟಿಸಿಲ್ಲ, ಒಳ್ಳೆಯದೇ ಆಯಿತು. ಮೇಲೆ ಬರೆದದ್ದನ್ನು ಬಿಡು, ಸೋಮವಾರ ಅಮ್ಮನನ್ನು ಕರೆತರಬೇಡ. ಇವರು ಮಾತು ಉಳಿಸಿಕೊಂಡಿದ್ದಾರೆ, ಮುಟ್ಟಿಲ್ಲ. ಅದೇ ಭಯ. ಮೈಯೆಲ್ಲ ಬೆವರು, ಲೋಟ ಕೈಜಾರಿ ಒಡೆಯಿತು, ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನನ್ನ ಮುಂದೆ ಬಂದು ನಿಂತರು. ನಾನೇ ಹಾಕಿದೆ. ಆ ಕೈಯಲ್ಲೇ ಇವತ್ತು ಇಬ್ಬರಿಗೆ ಆಪರೇಷನ್ ಮಾಡಲು ಹೊರಟಿದ್ದರು! ಕಾರಿನ ಕೀಲಿ ಕಿತ್ತಿಟ್ಟುಕೊಂಡು ನರ್ಸಿಗೆ ಫೋನ್ ಮಾಡಿ ಎರಡನ್ನೂ ನಿಲ್ಲಿಸಿ ಅಂದೆ. ಆಕೆ "ಸದ್ಯ, ನೀವಾದ್ರೂ ಹೇಳಿದ್ರಲ್ಲ" ಅಂದರು. ಹೀಗೆ ಒಂದೇ ಸಲ ಬಿಟ್ಟರೆ ಜೀವಕ್ಕೇ ಅಪಾಯವಂತೆ, ಈಗಲೇ ಬೇರೆ ಆಸ್ಪತ್ರೆಗೆ ಸೇರಿಸಬೇಕಂತೆ. ಟ್ಯಾಕ್ಸಿ ಬಂದಿದೆ. ಅಮ್ಮನ ಕಣ್ಣು ಅಲ್ಲೇ ಯಾರ ಹತ್ತಿರವಾದರೂ ಮಾಡಿಸು, ಅವಳು ಎಷ್ಟೇ ಅತ್ತರೂ ಸರಿ. ನಿನ್ನ ಅಳಿಯ ಮಗುವಿನ ಹಾಗೆ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಾರೆ, ಆ ನಡುಕ ನನ್ನ ಮೈಗೂ ಬರುತ್ತಿದೆ. ಅಪ್ಪಾ, ನೀನೊಬ್ಬನೇ ಬೇಗ ಬಾ.